ಅರ್ಧ ಉಪ್ಪಿನ ನೀರು

ಗಾಜಿನ ಜಾಡಿಯಲ್ಲಿ ನೀರಿತ್ತು, ತಳದಲ್ಲಿ ಒಂದು ಹಿಡಿ ಕೆಸರಿತ್ತು, ಮೀನು ಇರಲಿಲ್ಲ.

ದೋಣಿಯವನು ಹೆಗಲ ಮೇಲಿನ ಕೊಡವನ್ನು ಸದ್ದಾಗದಂತೆ ಇಳಿಸಿ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೆಸರಿಗೆ ಬೆರಳು ಹಾಕಿ ತಡಕಿದ. ಮಂಚದ ಕೆಳಗೆ ಬಗ್ಗಿ ನೋಡಿದ. ಮಂಚದ ಮೇಲೆ ಹೆಂಡತಿ ಕಣ್ಣು ಮುಚ್ಚಿ ಮಲಗಿದ್ದಳು. ಇವಳು ಏಳುವುದರೊಳಗೆ ಮೀನು ಸಿಗದಿದ್ದರೆ ಮನೆ ಮತ್ತೆ ಮೂಕವಾಗುತ್ತದಲ್ಲ ಎಂದುಕೊಂಡ.

ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುತ್ತ ಊರಿನವರನ್ನೆಲ್ಲ ಮಾತಾಡಿಸುತ್ತಿದ್ದ ಹೆಂಗಸು ಅವಳು. ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ ಮೇಲೆ ಗೋಡೆಯ ಕಡೆ ತಿರುಗಿದವಳು ಹದಿನೈದು ದಿನ 'ಹೂಂ', 'ಉಹೂಂ' ಬಿಟ್ಟು ಮೂರನೆಯ ಮಾತು ಆಡಲಿಲ್ಲ. ಒಂದು ದಿನ ದೋಣಿಯ ತಳದ ನೀರು ಮೊಗೆಯುವಾಗ ಡಬ್ಬಿಯಲ್ಲಿ ಬೆರಳುದ್ದದ ಮೀನು ಬಂತು. ಹೊಳೆ ಕಡಲು ಸೇರುವ ಅಳಿವೆಯ ಕೆಸರಿನಲ್ಲಿ ಬಿಲ ಮಾಡಿಕೊಂಡು ಬದುಕುವ ಜಾತಿ. ನೆತ್ತಿಯ ಮೇಲೆ ಕಣ್ಣು, ಹೊಟ್ಟೆಯ ಕೆಳಗೆ ಪುಟ್ಟ ಬಟ್ಟಲಿನಂಥ ರೆಕ್ಕೆ. ಜಾಡಿಗೆ ಬಿಟ್ಟರೆ ಆ ರೆಕ್ಕೆಯನ್ನು ಗಾಜಿಗೆ ಒತ್ತಿ ಅಂಟಿಕೊಂಡು, ಒಳಗೆ ಕರೆಯಲಿ ಎಂದು ಬಾಗಿಲಲ್ಲಿ ನಿಂತ ನೆಂಟನಂತೆ ಅವಳನ್ನೇ ನೋಡಿತು. ಆ ಸಂಜೆ ಅವಳು ನಕ್ಕಳು.

ಅಂದಿನಿಂದ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ಅಳಿವೆಯ ನೀರು ಉಬ್ಬರಕ್ಕೆ ಅರ್ಧ ಏರಿದಾಗಲೋ ಇಳಿತಕ್ಕೆ ಅರ್ಧ ಇಳಿದಾಗಲೋ ತರಬೇಕು. ಹೊತ್ತು ತಪ್ಪಿದರೆ ಸಪ್ಪೆ, ಇಲ್ಲವೇ ಬರೀ ಉಪ್ಪು. ಭುಜ ಊದಿದರೂ ಅವನು ಒಂದು ಸಲವೂ ತಪ್ಪಿಸಿರಲಿಲ್ಲ.

ಈಗ ಅವನು ಡಬ್ಬಿ ಹಿಡಿದು ದೋಣಿಕಟ್ಟೆಯ ಪಕ್ಕದ ಕೆಸರಿಗಿಳಿದ. ಒಂದು ಬಿಲಕ್ಕೆ ಕೈ ಹಾಕಿದರೆ ಮೀನು ಪಕ್ಕದ ಬಿಲದಿಂದ ಪರಾರಿ. ನಾಲ್ಕು ಬಿಲ ಆಗುವಷ್ಟರಲ್ಲಿ ಸೊಂಟದವರೆಗೆ ಹೂತು, ಯಾರೋ ನೆಟ್ಟು ಮರೆತ ಗೂಟದಂತಾದ. ಕಟ್ಟೆಯ ಮೇಲೆ ದೋಣಿಗೆ ಕಾದವರ ಸಾಲು ಬೆಳೆದಿತ್ತು.

"ಏನಣ್ಣ ಕಳಕೊಂಡ್ರಿ?" ಎಂದ ಗಡಿಯಾರ ರಿಪೇರಿಯವನು.

ಅಷ್ಟು ಜನರೆದುರು ನಿಜ ಹೇಳಲು ನಾಚಿಕೆ. "ಉಂಗುರ," ಎಂದುಬಿಟ್ಟ.

ಅಲ್ಲೇ ಕೆಟ್ಟಿತು. "ಅಯ್ಯೋ ಪಾಪ, ಚಿನ್ನದ್ದಾ?" ಎನ್ನುತ್ತ ಪಕ್ಕದ ಮನೆಯ ದರ್ಜಿ ಅಕ್ಕ ಮೊದಲು ಇಳಿದಳು. ಅವಳ ಹಿಂದೆ ಕಟ್ಟೆಯೇ ಇಳಿಯಿತು. ಹತ್ತಾರು ಜನ ಕೆಸರನ್ನು ಹಿಟ್ಟಿನಂತೆ ನಾದಿದರು.

"ನೀವು ಮೊದಲು ಬಲಗಾಲು ಎತ್ತಿ ಅಣ್ಣ, ಅದರಡಿ ಇರಬಹುದು," ಎಂದ ಗಡಿಯಾರ ರಿಪೇರಿಯವನು.

"ಎತ್ತೋಕಾಗಿದ್ರೆ ಇಲ್ಲೇ ಯಾಕಯ್ಯ ನಿಂತಿರ್ತಿದ್ದೆ?"

ಕೊನೆಗೆ, ಬಿಳಿ ಅಂಗಿಯ ಮುದುಕರೊಬ್ಬರು ಮೊಣಕಾಲೂರಿದ್ದು ಕಂಡು ಅವನಿಗೆ ತಡೆಯಲಾಗಲಿಲ್ಲ. "ಉಂಗುರ ಅಲ್ಲ. ಮೀನು. ಇಷ್ಟುದ್ದ," ಎಂದು ಬೆರಳು ತೋರಿಸಿದ. "ನಮ್ಮವಳು ಅದನ್ನ ನೋಡಿ ನಗ್ತಾಳೆ."

ಎಲ್ಲರೂ ಆ ಬೆರಳನ್ನು ನೋಡಿದರು, ಆಮೇಲೆ ತಮ್ಮ ತಮ್ಮ ಬಟ್ಟೆ ನೋಡಿಕೊಂಡರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ದರ್ಜಿ ಅಕ್ಕನಂತೂ ಯಾಕೋ ಕೆಮ್ಮಿ ಮುಖ ತಿರುಗಿಸಿದಳು. ಹಗ್ಗ ಕಟ್ಟಿ ಎಳೆದಾಗ ಅವನೂ ಬಂದ, ಡಬ್ಬಿಗೆ ನುಗ್ಗಿದ್ದ ಒಂದು ಮೀನೂ ಬಂತು.

ಮನೆಗೆ ಬಂದು ಉಸಿರು ಬಿಗಿಹಿಡಿದು ಅದನ್ನು ಜಾಡಿಗೆ ಬಿಡುತ್ತಿದ್ದ.

"ಅದು ಬೇರೆ ಮೀನು," ಎಂದಳು ಹೆಂಡತಿ ಮಂಚದ ಮೇಲಿಂದ.

"ಛೆ ಛೆ, ಅದೇ ಕಣೆ."

"ಅದನ್ನ ಬೆಳಿಗ್ಗೆ ದರ್ಜಿ ಅಕ್ಕನ ಕೈಲಿ ನಾನೇ ಅಳಿವೆಗೆ ಬಿಡಿಸಿದ್ದು. ಕೊಡ ಹೊತ್ತು ಹೊತ್ತು ನಿಮ್ಮ ಭುಜ ನೋಡಿಕೊಂಡಿದ್ದೀರಾ? ಹೇಳಿದ್ರೆ ಕೇಳ್ತಿದ್ರಾ?"

ಅವನು ಡಬ್ಬಿ ಹಿಡಿದೇ ಮಂಚದ ತುದಿಗೆ ಕೂತ. "ಮತ್ತೆ ನೀನು ಗೋಡೆ ಕಡೆ ತಿರುಗಿಬಿಟ್ರೆ?"

"ನಾನು ಮೀನಿಗೆ ನಕ್ಕೆ ಅಂದುಕೊಂಡ್ರಾ? ಅದು ಬಂದಾಗಿನಿಂದ ದಿನಾ ಸಂಜೆ ಅದರೆದುರು ಕೂತು, ಯಾರು ಹತ್ತಿದ್ರು, ಯಾರು ಇಳಿದ್ರು, ಯಾರ ಕೊಡೆ ಹಾರಿಹೋಯ್ತು ಅಂತ ಒಪ್ಪಿಸ್ತಿದ್ರಲ್ಲ. ಮೂವತ್ತು ವರ್ಷದಲ್ಲಿ ನನ್ನ ಹತ್ರ ಅಷ್ಟು ಮಾತಾಡಿದ್ದುಂಟಾ? ಅದನ್ನ ಕೇಳಿ ನಕ್ಕೆ ಕಣ್ರೀ."

ಅವನ ಕಿವಿ ಕೆಂಪಾಯಿತು. ಆದರೂ ಎದೆಯಿಂದ ಕಲ್ಲು ಇಳಿದಂತಾಯಿತು. ಇನ್ನು ಕೊಡ ಹೊರುವುದಿಲ್ಲ. ಹೊಸ ಮೀನನ್ನೂ ನೀರಿಗೆ ಬಿಟ್ಟು ಬರೋಣವೆಂದು ಎದ್ದ.

ಬಾಗಿಲಲ್ಲಿ ಗಡಿಯಾರ ರಿಪೇರಿಯವನು ಬಕೆಟ್ ಹಿಡಿದು ನಿಂತಿದ್ದ. ಅವನ ಹಿಂದೆ, ಪಾತ್ರೆ ಹಿಡಿದ ದರ್ಜಿ ಅಕ್ಕ. "ತಪ್ಪು ನಂದೂ ಇದೆ ಅಣ್ಣ, ಅದಕ್ಕೇ ಎರಡು ಮೀನು ತಂದೆ." ಅವಳ ಹಿಂದೆ ಬಿಳಿ ಅಂಗಿಯ ಮುದುಕರು, ಅಂಗಿ ಈಗ ಯಾವ ಬಣ್ಣವೂ ಅಲ್ಲ. ಮೆಟ್ಟಿಲ ಕೆಳಗಿನವರೆಗೂ ಸಾಲು. ಎಲ್ಲರ ಕೈಯಲ್ಲೂ ಏನಾದರೊಂದು ಪಾತ್ರೆ.

"ನಿಮ್ಮವಳು ನಗಲಿ ಅಂತ," ಎಂದರು ಮುದುಕರು.

ಅವನು ಒಂದೊಂದೇ ಪಾತ್ರೆ ಒಳಗಿಟ್ಟ. ಅವರು ಹೋಗುವಷ್ಟರಲ್ಲಿ ಕಿಟಕಿಯ ಕಟ್ಟೆ, ಮೇಜು, ನೀರಿನ ತೊಟ್ಟಿ ಎಲ್ಲದರಿಂದಲೂ ಮೀನುಗಳ ನೆತ್ತಿಗಣ್ಣುಗಳು ಅವನನ್ನೇ ನೋಡುತ್ತಿದ್ದವು. ಹೊರಗೆ ಅಳಿವೆ ಅರ್ಧ ಏರಿತ್ತು. ಅವನು ಎರಡೂ ಹೆಗಲಿಗೆ ಎರಡು ಕೊಡ ಏರಿಸಿದ.

ಹೆಂಡತಿ ಹೊದಿಕೆಯ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದಳು. "ಬೇಗ ಬನ್ನಿ. ಬಂದು ಮೊದಲಿಂದ ಹೇಳಿ," ಎಂದಳು. "ಪಾಪ, ಹೊಸಬರು. ಅವಕ್ಕೆ ಇಲ್ಲಿಯವರು ಯಾರೂ ಗೊತ್ತಿಲ್ಲ."