ಕಾರಿಗೆ ಸೂಜಿ ಹಾಕಿದ ನಮ್ಮ ಮಾವ

ನಮ್ಮ ಮಾವನವರಿಗೆ ಇಬ್ಬರು ಹೆಂಡಿರು ಎಂದರೆ ನೀವು ನಂಬಲೇಬೇಕು! ಒಬ್ಬರು ನಮ್ಮತ್ತೆ. ಇನ್ನೊಬ್ಬಳು ಪೆಟ್ರೋಲ್ ಕುಡಿಯುತ್ತಿದ್ದಳು.

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ನಲ್ಲಂಪಳ್ಳಿ ಪಕ್ಕದ ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗಾಗಲೇ, ಮಾವ ಅರ್ಧ ಕುರಿಹಿಂಡು ಮಾರಿ ಸೇಲಂನಿಂದ ಹಳೇ ಕಾರೊಂದನ್ನು ಹೊಡೆದುಕೊಂಡು ಬಂದಿದ್ದರು. ಕುರಿ ಸಾಕಿದವರಿಗೆ ಕಾರು ಮಾತ್ರ ಬೇರೆ ಜಾತಿಯ ಪ್ರಾಣಿಯೇ? ಬೆಳಗೆದ್ದು ಹೊಗೆಕೊಳವೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಹೊಗೆ ಮೂಸಿ ರೋಗ ಹೇಳುತ್ತಿದ್ದರು.

"ಕರೀ ಹೊಗೆ ಬಂತಾ, ಪೆಟ್ರೋಲ್ ಜಾಸ್ತಿ ಕುಡ್ದವ್ಳೆ, ಅರಗಿಲ್ಲ. ಪಟಾರಂತ ಸೀನಿದ್ಲಾ, ಒಟ್ಟೆಗೆ ಸಾಲ್ದು. ಗಾಳೀನೂ ಪೆಟ್ರೋಲೂ ಅದವಾಗಿ ಬೆರೀಬೇಕು ಕಣಮ್ಮ!"

ಅತ್ತೆ ಒಳಗಿನಿಂದಲೇ, "ನಾನು ಕೆಮ್ಮಿದ್ರೆ ತಿರುಗಿ ನೋಡಾಕಿಲ್ಲ. ಅವ್ಳು ಕೆಮ್ಮಿದ್ರೆ ಓಡ್ತಾರೆ!" ಎನ್ನುವರು.

ಒಮ್ಮೆ ನಂಗವಳ್ಳಿಯ ಮದುವೆಗೆ ಹೊರಟಾಗ, ಪೆಟ್ರೋಲ್ ಉಳಿಸಲೆಂದು ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ತಿರುಪನ್ನು ಪೂರಾ ಬಿಗಿದುಬಿಟ್ಟಿದ್ದರು. ಹೊಟ್ಟೆ ಹಸಿದ ಕಾರು ಚಪ್ಪರದ ಮುಂದೆ ಢಮಾರ್ ಎಂದಿತು. ಪಟಾಕಿ ಸಿಡಿಯಿತು, ಮದುಮಗ ಬಂದನೆಂದು ಓಲಗದವರು ಊದತೊಡಗಿದರು! ಮಾವ ಇಳಿದು, ಗಂಭೀರವಾಗಿ ಎಲ್ಲರಿಗೂ ಕೈಮುಗಿದು ಒಳಗೆ ನಡೆದರು.

ನನಗೆ ಹೆರಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ಊರಲ್ಲಿ ಬೇರೆ ವಾಹನ ಎಲ್ಲಿತ್ತು? ನನ್ನ ಗಂಡ ಕಾರು ಓಡಿಸಿದರು; ಮಾವ ಮುಂದೆ, ಅತ್ತೆ ನನ್ನ ಪಕ್ಕ ಕೂತರು. ತೊಪ್ಪೂರು ಘಾಟಿ ಇಳಿಯುವವರೆಗೆ ಚೆನ್ನಾಗಿಯೇ ಇದ್ದ ಕಾರು, ಬಯಲಿಗೆ ಬಂದದ್ದೇ ನಿಂತಿತು. ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಂಪು ಸತ್ತಿತ್ತು. ಲಾರಿ ಹತ್ತುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮಾವ ಸೀಟಿನಡಿಯಿಂದ ಕುರಿಗೆ ಔಷಧಿ ಹಾಕುವ ದಪ್ಪ ಸಿರಿಂಜನ್ನು ತೆಗೆದರು! ಬಾನೆಟ್ಟನ್ನು ಮೇಲಕ್ಕೆ ಕಟ್ಟಿ, ಪೆಟ್ರೋಲ್ ಡಬ್ಬಿ ತೊಡೆಸಂದಿಗೆ ಸಿಕ್ಕಿಸಿ, ಮಡ್‌ಗಾರ್ಡಿನ ಮೇಲೆ ಕೂತರು.

"ನೀನು ಓಡ್ಸ್ಲಾ, ನಾನು ಕುಡಿಸ್ತೀನಿ!"

ಒಂದು ಕೈಯಲ್ಲಿ ಪೆಟ್ರೋಲ್ ಚಿಮ್ಮಿಸುತ್ತ, ಇನ್ನೊಂದು ಅಂಗೈಯಿಂದ ಕಾರ್ಬುರೇಟರಿನ ಬಾಯಿಯನ್ನು ಆಗಾಗ ಮುಚ್ಚಿ ಗಾಳಿ ತಡೆಯುತ್ತ ಹೊರಟರು. ಜಾಸ್ತಿಯಾದರೆ ಹಿಂದೆ ಕರೀ ಹೊಗೆ. ಕಮ್ಮಿಯಾದರೆ ಮುಂದೆ ಬೆಂಕಿಯ ಸೀನು!

ಎದುರು ಬಂದ ಲಾರಿಯವನು, "ಎನ್ನ ಪೆರಿಯವರೇ, ವಂಡಿಕ್ಕು ಊಸಿಯಾ?" ಎಂದು ಕೂಗಿದ. ಏನು ಹಿರಿಯರೇ, ಗಾಡಿಗೆ ಸೂಜಿಯೇ ಎಂದು! ಆ ನೋವಿನಲ್ಲೂ ನನಗೆ ನಗು.

"ನಗಬ್ಯಾಡ ಕಣಮ್ಮಾ, ಕೈ ತಪ್ತೈತೆ!" ಎಂದು ಮಾವ ಗದರಿದರು.

ಸಂಜೆಯ ಬಿಸಿಲಿರುವಾಗಲೇ ಸೇಲಂ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಮಾವ ಬಾಗಿಲಲ್ಲೇ ನಿಂತಿದ್ದರು, ಕೈಗೆ ಟವೆಲ್ ಸುತ್ತಿಕೊಂಡು.

"ಬನ್ನಿ ಮಾವ, ಎತ್ಕೊಳ್ಳಿ."

"ಬ್ಯಾಡ ಕಣಮ್ಮ. ಪೆಟ್ರೋಲ್ ವಾಸ್ನೆ, ಮಗೀಗೆ ಆಗಾಕಿಲ್ಲ."

ನನ್ನ ಗಂಡ ಟವೆಲ್ ಎಳೆದರು. ಎಡ ಅಂಗೈ ಪೂರಾ ಸುಟ್ಟು ಬೊಬ್ಬೆ ಎದ್ದಿತ್ತು.

"ಯಾಕಪ್ಪಾ ಬಾಯಿ ಬಿಡ್ಲಿಲ್ಲ?"

"ಬಾಯಿ ಬಿಟ್ಟಿದ್ರೆ ನೀನು ಗಾಡಿ ನಿಲ್ಲಿಸ್ತಿದ್ದೆ."

ಮಾವ ನೆಲದ ಮೇಲೆ ಕೂತು, ಮಗುವಿಗೆ ನೀರೆರೆಯುವ ಹೆಂಗಸರಂತೆ ಕಾಲು ಚಾಚಿದರು. ಅತ್ತೆ ಮಗುವನ್ನು ತಂದು ಆ ಕಾಲುಗಳ ಮೇಲೆ ಮಲಗಿಸಿದರು. ಕೈಗೆ ಮುಲಾಮು ಹಚ್ಚಲು ಬಂದ ನರ್ಸಮ್ಮ, "ಎಂದಿರಿಂಗ ಪೆರಿಯವರೇ!" ಎಂದು ಎಬ್ಬಿಸಲು ನೋಡಿದಳು.

"ಶ್... ಮಲಗೈತೆ," ಎಂದರು ಮಾವ.

ಮಗು ಮಲಗಿರಲಿಲ್ಲ. ಕಣ್ಣರಳಿಸಿ ಅವರನ್ನೇ ನೋಡುತ್ತಿತ್ತು.