ಟೆಂಡರ್ ಭಾಷೆ ಮತ್ತು ನಮ್ಮ ಮನೆಯವರು

ಸರ್ಕಾರಿ ಗುತ್ತಿಗೆಯ ಭಾಷೆ ಗೊತ್ತಿಲ್ಲದವರ ಮನೆಯಲ್ಲಿ ದಿನಕ್ಕೊಂದು ಫಜೀತಿ ಆಗುತ್ತದೆ. ಗೊತ್ತಿದ್ದವರ ಮನೆಯಲ್ಲಿ ಎರಡು. ಮೊದಲನೆಯ ನಮೂನೆಯಿಂದ ಎರಡನೆಯ ನಮೂನೆಗೆ ಬರಲು ನನಗೆ ಇಪ್ಪತ್ತಾರು ವರ್ಷ ಹಿಡಿಯಿತು. ನಮ್ಮ ಮನೆಯವರು ಕಲಘಟಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿದ್ದುಕೊಂಡು ಸುತ್ತಿನ ತಾಲೂಕುಗಳಲ್ಲೆಲ್ಲ ಗಟಾರು, ಅಂಗನವಾಡಿ ಕೋಣೆ, ಸಣ್ಣಸಣ್ಣ ಸೇತುವೆ ಕಟ್ಟುತ್ತಿದ್ದ ಗುತ್ತಿಗೆದಾರರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಕಟ್ಟಿದ ಗಟಾರುಗಳಲ್ಲಿ ಅರ್ಧ ಹೂಳು ತುಂಬಿ ಮುಚ್ಚಿಹೋಗಿವೆ. ನನ್ನ ಪಾಲಿಗೆ ಉಳಿದದ್ದು ಒಂದು ಕಾಂಕ್ರೀಟ್ ಮಿಕ್ಸರ್ ಮತ್ತು ಒಂದಿಷ್ಟು ಶಬ್ದ. ಮಿಕ್ಸರ್ ಮಾರಿದೆ. ಶಬ್ದಗಳನ್ನು ಯಾರೂ ಕೊಳ್ಳುವುದಿಲ್ಲ, ಅದಕ್ಕೆ ಪುಕ್ಕಟೆ ಹೇಳುತ್ತಿದ್ದೇನೆ.

ಕ್ಲಾಸ್ ಫೋರ್

ನಮ್ಮಪ್ಪ ಯರಗುಪ್ಪಿಯಲ್ಲಿ ಎರೆ ಹೊಲ ಮಾಡಿಕೊಂಡಿದ್ದವನು. ಮಗಳನ್ನು ಕೊಟ್ಟರೆ ಸರ್ಕಾರಿ ನೌಕರನಿಗೇ ಕೊಡಬೇಕು ಅನ್ನುವುದು ಅವನ ಹಠ. ಸಂಬಂಧ ತಂದ ದೂರದ ಕಾಕಾ ಹೇಳಿದ: "ಹುಡುಗ ಗೌರ್ಮೆಂಟ್ ಕೆಲಸಾ ಮಾಡ್ತಾನ. ಕ್ಲಾಸ್ ಫೋರ್ ಅದಾನ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಕ್ಲಾಸ್ ಫೋರ್ ಅಂದರೆ ಅಪ್ಪನಿಗೆ ಗೊತ್ತಿದ್ದದ್ದು ಕಚೇರಿಯ ಜವಾನ: ಖಾಕಿ ಅಂಗಿ, ತಿಂಗಳಿಗೆ ಪಗಾರ, ಮುಪ್ಪಿಗೆ ಪೆನ್ಶನ್. ಹುಡುಗನ ಹತ್ತಿರ ಇದ್ದದ್ದು ನಾಲ್ಕನೇ ದರ್ಜೆ ಗುತ್ತಿಗೆದಾರನ ಲೈಸೆನ್ಸು. ಅಂದರೆ ಗುತ್ತಿಗೆದಾರರಲ್ಲೇ ಎಲ್ಲರಿಗಿಂತ ಕೆಳಗಿನವರು. ಮದುವೆ ಆಗಿಹೋಯಿತು.

ಮೊದಲ ಪಂಚಮಿಗೆ ಅಪ್ಪ ನನ್ನನ್ನು ಕರೆದೊಯ್ಯಲು ಬಂದ. ಅಳಿಯ ಮೊಣಕಾಲ ತನಕ ಸಿಮೆಂಟು ಮೆತ್ತಿಕೊಂಡು ಅಂಗಳದಲ್ಲಿ ನಿಂತಿದ್ದರು.

"ಇವತ್ತ ಆಫೀಸು ಸೂಟಿ ಏನ್ರಿ?" ಅಂತ ಅಪ್ಪ ಕೇಳಿದ.

"ಆಫೀಸಿಗೆ ದಿನಾ ಹೋಗ್ತೀನ್ರಿ ಮಾವಾರ. ಒಳಗ ಕರಿಯಂಗಿಲ್ಲ."

ಅಪ್ಪ ಕಟ್ಟೆಯ ಮೇಲೆ ಕೂತ. ಒಂದು ತಂಬಿಗೆ ನೀರು ಪೂರ್ತಿ ಕುಡಿದ ಮೇಲೆ ಮೆಲ್ಲಗೆ ಕೇಳಿದ: "ಪೆನ್ಶನ್ನರ ಐತಿಲ್ಲೋ?"

"ಐತ್ರಿ," ಅಂದರು ಇವರು. "ನನಗಲ್ಲ. ನನ್ನ ಬಿಲ್ಲಿಗೆ ಸಹಿ ಮಾಡಾವ್ರಿಗೆ."

ಎಲ್ ಒನ್

ಮದುವೆಯಾದ ಎರಡನೇ ವರ್ಷ ಇವರು ಒಂದು ಸಂಜೆ ಧಾರವಾಡದಿಂದ ಪೇಢೆ ತಂದರು. ಮುಖ ಅರಳಿತ್ತು. "ಎಲ್ ಒನ್ ಬಂದೆ," ಅಂದರು. ಒನ್ ಅಂದರೆ ಒಂದು, ಇಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ಓಣಿಯ ಹನ್ನೊಂದು ಮನೆಗೂ ಪೇಢೆ ಹಂಚಿ, "ನಮ್ಮ ಮನಿಯವರು ಜಿಲ್ಲೆಕ್ಕ ಫಸ್ಟ್ ಬಂದಾರ್ರಿ," ಅಂತ ಹೇಳಿ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ವಿಚಾರಿಸಿದರು. "ಅಲ್ಲೋ, ಎದರಾಗ ಫಸ್ಟ್ ಬಂದಿ?"

ಇವರು ರೊಟ್ಟಿ ಮುರಿಯುತ್ತಾ ಬಿಡಿಸಿ ಹೇಳಿದರು. ಒಂದು ಕೆಲಸಕ್ಕೆ ಹತ್ತು ಮಂದಿ ದರ ಬರೆದು ಕೊಡುತ್ತಾರೆ. ಎಲ್ಲರಿಗಿಂತ ಕಡಿಮೆ ಬರೆದವನು ಎಲ್ ಒನ್. ಕೆಲಸ ಅವನಿಗೇ. ಇವರು ಎರಡನೆಯವನಿಗಿಂತ ಎಷ್ಟು ಕಡಿಮೆ ಬರೆದಿದ್ದರೆಂದರೆ, ಟೆಂಡರ್ ಪೆಟ್ಟಿಗೆ ತೆರೆದಾಗ ಉಳಿದ ಒಂಬತ್ತು ಗುತ್ತಿಗೆದಾರರೂ ಬಂದು ಕೈ ಕುಲುಕಿದರಂತೆ. ಒಬ್ಬರು, "ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?" ಅಂತ ಕೇಳಿದರಂತೆ.

ಎಂಟು ತಿಂಗಳು ದುಡಿದು ಕೈಯಿಂದಲೇ ದುಡ್ಡು ಹಾಕುವ ಕೆಲಸಕ್ಕೆ ನಾನು ಊರಿಗೆಲ್ಲ ಸಿಹಿ ಹಂಚಿ ಬಂದಿದ್ದೆ. ಅತ್ತೆ ಮಾತ್ರ ಮಗನ ಕಡೆ ತಿರುಗಿದರು.

"ಕಡಿಮಿ ಬರದಾಂವ ಫಸ್ಟ್ ಬರ್ತಾನಂದ್ರ," ಅಂದರು, "ಸಾಲ್ಯಾಗ ಪ್ರತಿ ವರ್ಷಾ ನೀನ ಫಸ್ಟ್ ಬರಬೇಕಾಗಿತ್ತಲ್ಲೋ."

ದೈವಕೃತ್ಯ

ನವಲಗುಂದದ ಕಡೆ ಒಂದು ಹಳ್ಳಿಯಲ್ಲಿ, ಹೊಲದ ದಾರಿಗೆ ಸಣ್ಣ ಸೇತುವೆ ಕಟ್ಟುವ ಕೆಲಸ ಬಂತು. ಮೇಲಿನ ಚಪ್ಪಡಿ ಹಾಕಿ ನಾಲ್ಕು ದಿನ ಆಗಿರಲಿಲ್ಲ, ಹಳ್ಳಕ್ಕೆ ಹಿಂದೆಂದೂ ಬರದಂಥ ನೀರು ಬಂತು. ಬೆಳಗ್ಗೆ ಹೋಗಿ ನೋಡಿದರೆ ಸೇತುವೆ ಇರಲಿಲ್ಲ. ಎರಡು ಕಬ್ಬಿಣದ ಸರಳು ಮಾತ್ರ ಮೇಲಕ್ಕೆ ಎದ್ದು ನಿಂತಿದ್ದವು.

ಕರಾರುಪತ್ರದಲ್ಲಿ ಒಂದು ಕಲಂ ಇರುತ್ತದೆ. ಭೂಕಂಪ, ಮಹಾಪೂರ ಇಂಥದ್ದರಿಂದ ಕೆಲಸ ಹಾಳಾದರೆ ಅದು ದೈವಕೃತ್ಯ, ಗುತ್ತಿಗೆದಾರನ ತಪ್ಪಲ್ಲ. ಇವರು ಅದನ್ನೇ ಹಿಡಿದು ಅರ್ಜಿ ಬರೆದರು. ಕಚೇರಿಯ ಗುಮಾಸ್ತರು ಓದಿ ತಲೆಯಾಡಿಸಿ, "ದೈವಕೃತ್ಯ ಅಂತ ನೀವ ಅಂದ್ರ ನಡಿಯೂದಿಲ್ಲ. ಊರ ಹಿರ್ಯಾರು ಐದು ಮಂದಿ ಪಂಚನಾಮೆಕ್ಕ ಸಹಿ ಮಾಡಬೇಕು," ಅಂದರು.

ಇವರು ಪಂಚನಾಮೆ ಬರೆದುಕೊಂಡು ಆ ಹಳ್ಳಿಗೆ ಹೋದರು. ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದ್ದರು. ಒಬ್ಬರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಸದರಿ ಸೇತುವೆಯು ದೈವಕೃತ್ಯದಿಂದ ಕೊಚ್ಚಿಹೋಗಿರುತ್ತದೆ."



"ಯಾವ ದೇವರು?" ಅಂದರು ಇನ್ನೊಬ್ಬರು.

"ಹಂಗಲ್ರಿ ಅಜ್ಜಾರ, ಅದು ಬರೀ ಕಾನೂನಿನ ಮಾತು."

"ಕಾನೂನಿರಲಿ ಏನರ ಇರಲಿ, ನಮ್ಮೂರಾಗ ಇರೂದು ಒಂದ ದೇವರು. ಅಂವ ಸೇತುವಿ ಕೆಡವಿದಾ ಅಂತ ನಾವು ಸಹಿ ಮಾಡಬೇಕಾ? ಸಿಮೆಂಟ್ ಕಡಿಮಿ ಹಾಕಾಂವ ನೀನು, ಹೆಸರು ನಮ್ಮಪ್ಪಂದಾ?"

ಇವರು ಎಷ್ಟೋ ತಿಳಿಸಿ ಹೇಳಿದರು. ಆ ಸೇತುವೆಗೆ ಸಿಮೆಂಟನ್ನು ಲೆಕ್ಕದ ಪ್ರಕಾರ ಪೂರ್ತಿ ಹಾಕಿದ್ದರು. "ಬ್ಯಾರೆ ಕೆಲಸದಾಗ ಹಂಗ ಅಂದಿದ್ರ ಸುಮ್ನಿರತಿದ್ನಿ," ಅಂತ ಆಮೇಲೆ ನನ್ನೆದುರು ಅಂದರು. ಆ ಸೇತುವೆಯನ್ನು ಎರಡನೇ ಸಲ ತಮ್ಮ ಖರ್ಚಿನಲ್ಲೇ ಕಟ್ಟಿದರು. ನನ್ನ ಕೈಯ ನಾಲ್ಕು ಬಳೆಗಳು ಆ ನೀರಿಗೇ ಹೋದವು.

ಅವತ್ತು ಇವರು ಕಾಗದ ಮಡಚಿಕೊಂಡು ಏಳುವಾಗ ಹಿರಿಯರಿಗೂ ಕನಿಕರ ಬಂತಂತೆ. ಅವರಲ್ಲೊಬ್ಬರು ಕರೆದು ಕೂರಿಸಿ ಹೇಳಿದರು: "ಒಂದ್ ಕೆಲಸಾ ಮಾಡೋ ತಮ್ಮಾ. ಬಾಜೂ ಊರಿನ ದೇವರ ಹೆಸರು ಬರಕೊಂಡ ಬಾ. ಐದೂ ಮಂದಿ ಸಹಿ ಮಾಡ್ತೀವಿ."

ಮುದತ್ತು

ಇವರಿಗೆ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾದಾಗ ತಡವಾಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದೆವು. ಆಗ ನಮ್ಮೂರಿನಲ್ಲೇ ಒಂದು ಕೆಲಸ ನಡೆದಿತ್ತು. ಮೊದಲಿನಿಂದಲೂ ನಮ್ಮಲ್ಲಿ ಗೋಡೆ ಕಟ್ಟುತ್ತಿದ್ದ ಗೌಂಡಿ ಕಾಕಾ ದಿನಾ ಫೋನು ಮಾಡಿ ವರದಿ ಕೊಡುತ್ತಿದ್ದರು. ಇವರು ಮಲಗಿದಲ್ಲಿಂದಲೇ, "ಕ್ಯೂರಿಂಗ್ ತಪ್ಪಿಸಬ್ಯಾಡ, ದಿನಕ್ಕ ಎರಡ ಸಲ ನೀರ ಹೊಡಿ," ಅನ್ನುತ್ತಿದ್ದರು. ಹಸಿ ಸಿಮೆಂಟು ಗಟ್ಟಿಯಾಗಲು ನೀರುಣಿಸುವುದಕ್ಕೆ ಕ್ಯೂರಿಂಗ್ ಅನ್ನುತ್ತಾರೆ. ಬಾಜೂ ಹಾಸಿಗೆಯ ಅಜ್ಜಿ ಅದನ್ನು ಮನೆಮದ್ದು ಅಂತ ತಿಳಿದು, ಎಲ್ಲಿಗೆ ನೀರು ಹೊಡೆಯಬೇಕು ಅಂತ ನನ್ನನ್ನು ಗುಟ್ಟಾಗಿ ಕೇಳಿದಳು.

ಒಂದು ಮಧ್ಯಾಹ್ನ ಡಾಕ್ಟರು ಬಂದು ಹಾಸಿಗೆಯ ಪಕ್ಕ ಕೂತರು. ಡಾಕ್ಟರು ನಿಂತು ಮಾತಾಡಿದರೆ ಭಯವಿಲ್ಲ, ಕೂತರೆ ಭಯ. ಬಹಳ ಸೌಮ್ಯವಾಗಿ ಹೇಳಿದರು: "ನಾವು ಮಾಡೂದೆಲ್ಲಾ ಮಾಡೇವ್ರಿ. ಇನ್ನ ಟೈಮ್ ಭಾಳ ಇಲ್ಲ."

ನಾನು ಗೋಡೆಯ ಕಡೆ ತಿರುಗಿದೆ. ಇವರು ಸರ್ಕಾರಿ ಕಚೇರಿಯಲ್ಲಿ ಕೇಳುವ ದನಿಯಲ್ಲೇ ಕೇಳಿದರು: "ಮುದತ್ತು ವಿಸ್ತರಣೆ ಸಿಗತೈತೇನ್ರಿ?"

ಡಾಕ್ಟರಿಗೆ ಅರ್ಥವಾಗಲಿಲ್ಲ. "ಅಂದ್ರ, ಒಂದೀಟು ದಿವಸಾ ಹೆಚ್ಚಿಗೆ," ಅಂದರು ಇವರು.

"ಔಷಧ ಬದಲಿ ಮಾಡಿ ನೋಡೂಣು. ಸಣ್ಣದೊಂದು ಸಿಗಬಹುದು."

ಇಷ್ಟು ವರ್ಷದಲ್ಲಿ ಯಾವ ಕೆಲಸವನ್ನೂ ಹೇಳಿದ ಮುದತ್ತಿನಲ್ಲಿ ಮುಗಿಸದ ಮನುಷ್ಯ ತಲೆಯೆತ್ತಿ ಅಗದಿ ಗಂಭೀರವಾಗಿ ವಿಚಾರಿಸಿದರು: "ದಂಡಾ ಹಾಕಿ ಕೊಡ್ತೀರೋ, ದಂಡಾ ಇಲ್ಲದನೋ?"

ಸ್ಥಗಿತಕ್ಕೆ ಕಾರಣ

ಹದಿನೈದು ದಿನ ಸಿಕ್ಕಿತು. ದಂಡ ನಾನು ಕಟ್ಟುತ್ತಿದ್ದೇನೆ.

ದಿನಕರ್ಮ ಮುಗಿದ ಮೇಲೆ ಮರಣ ಪ್ರಮಾಣಪತ್ರ ಹಿಡಿದು ಕಚೇರಿಗೆ ಹೋದೆ. ಊರಿನ ಕೆಲಸ ಅರ್ಧಕ್ಕೆ ನಿಂತಿದೆ, ನಾನೂ ಗೌಂಡಿ ಕಾಕಾನೂ ಕೂಡಿ ಮುಗಿಸುತ್ತೇವೆ ಅಂತ ಹೇಳಿದೆ. ಗುಮಾಸ್ತರು ಒಳ್ಳೆಯವರೇ. ನೀರು ಕೊಟ್ಟರು, ಕುರ್ಚಿ ಕೊಟ್ಟರು, ಕಡೆಗೆ ಒಂದು ಫಾರ್ಮು ಕೊಟ್ಟರು. "ಕಾಮಗಾರಿ ಸ್ಥಗಿತಗೊಂಡಿದ್ದಕ್ಕೆ ಕಾರಣ" ಅಂತ ಇತ್ತು. ಅದರ ಕೆಳಗೆ ನಾಲ್ಕು ಚೌಕ: ಮಳೆ, ಸಾಮಗ್ರಿಗಳ ಕೊರತೆ, ಜಾಗದ ತಕರಾರು, ಆಳುಗಳ ಕೊರತೆ.

"ಇದರಾಗ ಸಾವು ಇಲ್ಲಲ್ರಿ," ಅಂದೆ.

ಅವರು ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಿಂಬದಿ ಖಾಲಿ ಇತ್ತು. ಬಹಳ ಸಂಕೋಚದಿಂದ, "ಆಳುಗಳ ಕೊರತಿ ಅಂತ ಟಿಕ್ ಮಾಡ್ರಿ ಅಕ್ಕಾರ," ಅಂದರು.

ಮಾಡಿದೆ. ನೋಡಿದರೆ ಅದೂ ಖರೇನೇ ಇತ್ತು.

ಅದರ ಕೆಳಗೆ ಇನ್ನೊಂದು ಸಾಲು: "ಕೊರತೆ ತಾತ್ಕಾಲಿಕವೋ, ಕಾಯಮೋ?" ಗುಮಾಸ್ತರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಬರೆದರು: "ತಾತ್ಕಾಲಿಕ." ನಾನು ಅವರ ಮುಖ ನೋಡಿದೆ. "ಕಾಯಂ ಅಂತ ಬರದ್ರ ಕಾಮಗಾರಿ ರದ್ದಾಗತೈತ್ರಿ," ಅಂದರು.

ಹಾಜರಿ

ಆ ಅರ್ಧ ನಿಂತ ಕೆಲಸ ಯಾವುದೆಂದರೆ, ನಮ್ಮೂರ ರುದ್ರಭೂಮಿಗೆ ಸುತ್ತುಗೋಡೆ. ನಮಗೆ ಸ್ವಂತ ಹೊಲ ಇಲ್ಲ, ಹಾಗಾಗಿ ಇವರನ್ನು ಮಣ್ಣು ಮಾಡಿದ್ದೂ ಅಲ್ಲೇ, ಮೂಲೆಯ ಬೇವಿನ ಗಿಡದ ಕೆಳಗೆ. ಆಗ ಮೂರು ಕಡೆ ಗೋಡೆ ಎದ್ದಿತ್ತು, ನಾಲ್ಕನೆಯದಕ್ಕೆ ಬರೀ ಬುನಾದಿ. ಇವರನ್ನು ಹೊತ್ತು ಬಂದವರು ಆ ಬುನಾದಿಯನ್ನು ದಾಟಿಯೇ ಒಳಗೆ ಬಂದರು. ಮುಂದಿನ ನಾಲ್ಕು ತಿಂಗಳು ನಾನೂ ಗೌಂಡಿ ಕಾಕಾನೂ ನಾಲ್ಕನೇ ಗೋಡೆ ಎಬ್ಬಿಸಿದೆವು. ನಾನು ದಿನಾ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಮೂವರಿಗೆ ಆಗುವಷ್ಟು ರೊಟ್ಟಿ ಬಡಿಯುವ ರೂಢಿ ತಪ್ಪಲು ಬಹಳ ದಿನ ಬೇಕಾಯಿತು.

ಕೆಲಸ ಮುಗಿದರೂ ಗುತ್ತಿಗೆದಾರ ಬಿಡುಗಡೆ ಆಗುವುದಿಲ್ಲ. ಮುಂದಿನ ಎರಡು ವರ್ಷ ದೋಷ ಹೊಣೆಗಾರಿಕೆಯ ಅವಧಿ ಅಂತ ಇರುತ್ತದೆ. ಅಷ್ಟರಲ್ಲಿ ಗೋಡೆ ಬಿರುಕು ಬಿಟ್ಟರೆ ಅವನೇ ಬಂದು ಮುಚ್ಚಬೇಕು. ಒಂದು ವರ್ಷಕ್ಕೆ ಸಣ್ಣ ಬಿರುಕು ಬಿಟ್ಟಿತು, ಕಚೇರಿಯಿಂದ ನೋಟೀಸು ಬಂತು. ಹೆಸರು ಬದಲಿಸುವ ನನ್ನ ಅರ್ಜಿ ಇನ್ನೂ ಯಾವುದೋ ಮೇಜಿನ ಮೇಲೇ ಇತ್ತಾದ್ದರಿಂದ ನೋಟೀಸು ಇವರ ಹೆಸರಿಗೇ ಬಂದಿತ್ತು: "ಪರಿಶೀಲನೆಯ ವೇಳೆ ತಾವು ಖುದ್ದಾಗಿ ಸ್ಥಳದಲ್ಲಿ ಹಾಜರಿರತಕ್ಕದ್ದು."

ಆ ದಿನ ಜೀಪಿನಿಂದ ಇಳಿದವರು ಹೊಸದಾಗಿ ಬದಲಿಯಾಗಿ ಬಂದಿದ್ದ ಇಂಜಿನಿಯರು. ವಯಸ್ಸು ಚಿಕ್ಕದು, ಬಿಸಿಲಿಗೆ ಮುಖ ಕೆಂಪಾಗಿತ್ತು. ಬಿರುಕು ನೋಡಿದರು, ಟೇಪು ಹಿಡಿದರು, ಸುತ್ತಲೂ ಕಣ್ಣಾಡಿಸಿದರು.

"ಗುತ್ತಿಗೆದಾರ ಎಲ್ರಿ?"

ಗೌಂಡಿ ಕಾಕಾ ತಲೆಯ ಟವಲು ತೆಗೆದು ಹೆಗಲಿಗೆ ಹಾಕಿಕೊಂಡು, "ಸೈಟಿನ್ಯಾಗ ಅದಾರ್ರಿ ಸಾಹೇಬ್ರ. ಅಲ್ಲಿ, ಬೇವಿನ ಗಿಡದ ಬುಡಕ," ಅಂದರು.

ಸಾಹೇಬರು ಅತ್ತ ತಿರುಗಿಯೂ ನೋಡಲಿಲ್ಲ. "ನಾವು ಬಿಸಲಾಗ ನಿಲ್ಲೂದು, ಅವರು ನೆರಳಾಗ ಮಲಗೂದಾ? ಎಬ್ಬಿಸ್ರಿ!"

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಳು ಅಂತಲೇ ಒತ್ತಿಕೊಂಡದ್ದು, ಹೊರಗೆ ಬಂದದ್ದು ನಗು. ಇವರು ಹೋದ ಮೇಲೆ ಅದೇ ಮೊದಲನೆಯ ಸಲ. ಕಾಕಾನಿಗೂ ತಡೆಯಲಾಗಲಿಲ್ಲ. ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕೆವು. ಸಾಹೇಬರು ಸಿಟ್ಟಿನಿಂದ ತಾವೇ ಗಿಡದ ಕಡೆ ನಡೆದರು. ಅಲ್ಲಿ ಕಲ್ಲು, ಒಣಗಿದ ಬಿಲ್ವಪತ್ರೆ, ಇವರ ಹೆಸರು. ನೋಟೀಸಿನ ಮೇಲಿನ ಹೆಸರೂ ಅದೇ. ಅವರು ಒಂದು ಸಲ ಕಲ್ಲು, ಒಂದು ಸಲ ಕಾಗದ ನೋಡುತ್ತಾ ನಿಂತರು. ಆಮೇಲೆ ಬೂಟು ಬಿಚ್ಚಿದರು.

ವಾಪಸು ಬಂದರು. "ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ. ನನಗ ಯಾರೂ ಹೇಳಿರಲಿಲ್ಲ," ಅಂದರು. "ಹೋಗ್ಲಿ ಬಿಡ್ರಿ," ಅಂದೆ. ಬಿರುಕನ್ನು ಕಾಕಾ ಅವರೆದುರಿಗೇ ಮುಚ್ಚಿದರು. ಆದರೆ ರಿಜಿಸ್ಟರು ತುಂಬದೆ ಜೀಪು ಹತ್ತುವ ಹಾಗಿರಲಿಲ್ಲ. ಗುತ್ತಿಗೆದಾರ ಗೈರು ಅಂತ ಬರೆದರೆ ನನಗೆ ಇನ್ನೊಂದು ನೋಟೀಸು ಬರುತ್ತಿತ್ತು. ಅವರಿಗೆ ಅದು ಗೊತ್ತಿತ್ತು. ಪೆನ್ನು ಹಿಡಿದು ಒಮ್ಮೆ ನನ್ನನ್ನು, ಒಮ್ಮೆ ಬೇವಿನ ಗಿಡವನ್ನು ನೋಡಿದರು. ಕಡೆಗೆ ಬರೆದು, ನನಗೂ ಓದಲು ಕೊಟ್ಟರು. ದುಂಡಗಿನ ಅಕ್ಷರದಲ್ಲಿ ಹೀಗಿತ್ತು:

"ಪರಿಶೀಲನೆಯ ವೇಳೆ ಗುತ್ತಿಗೆದಾರರು ಸ್ಥಳದಲ್ಲಿ ಹಾಜರಿದ್ದು, ಯಾವುದೇ ಆಕ್ಷೇಪಣೆ ಸಲ್ಲಿಸಿರುವುದಿಲ್ಲ."