‘ಹಿಂದಕ್ಕೆ’ ಗುಂಡಿ ಮಾಯವಾದ ರಾಜ್ಯ

ಬಹಳ ಹಿಂದೆ ಒಂದು ರಾಜ್ಯವಿತ್ತು ಎಂದು ಕಥೆ ಶುರು ಮಾಡಿದರೆ, ಆ ರಾಜ್ಯದ ಕಾಯ್ದೆಯ ಪ್ರಕಾರ ನನಗೆ ಆರು ತಿಂಗಳ ಸಜೆ. ‘ಹಿಂದೆ’ ಎಂಬ ಪದವನ್ನೇ ಅಲ್ಲಿ ರದ್ದು ಮಾಡಿದ್ದಾರೆ. ಓದುಗ ಮಹಾಶಯರಾದ ನೀವು ಬೇರೆ ಸೀಮೆಯವರು, ಈ ಪತ್ರಿಕೆಯೂ ಅಲ್ಲಿಗೆ ಹೋಗುವುದಿಲ್ಲ. ಆ ಧೈರ್ಯದ ಮೇಲೆ ಹೇಳುತ್ತೇನೆ: ಬಹಳ ಹಿಂದೆ ಒಂದು ರಾಜ್ಯವಿತ್ತು.

ಅದನ್ನು ಶ್ರೀಮನ್ಮಹಾರಾಜ ಪುನರುಕ್ತಿವರ್ಮ ಆಳುತ್ತಿದ್ದ. ಆಡಿದ್ದನ್ನೇ ಆಡುವುದು ಅವನ ರಾಜನೀತಿ. ಆಡಿದ್ದನ್ನು ಮಾಡುವುದು ಆ ನೀತಿಯಲ್ಲಿ ಸೇರಿರಲಿಲ್ಲ. ತನ್ನ ನುಡಿಮುತ್ತು ಒಂದೂ ನೆಲಕ್ಕೆ ಬೀಳಬಾರದೆಂದು ಅವನು ಪಟ್ಟಾಭಿಷೇಕಕ್ಕೆ ತಿಂಗಳ ಮೊದಲೇ ಮನೆಮನೆಗೂ ‘ರಾಜವಾಣಿ ದೃಶ್ಯಸಂಗ್ರಹ ಮಂಜೂಷೆ’ಯನ್ನು ಪುಕ್ಕಟೆ ಹಂಚಿಸಿದ. ಟಿ.ವಿ.ಯಲ್ಲಿ ಬಂದದ್ದನ್ನು ರೆಕಾರ್ಡ್ ಮಾಡಿಕೊಂಡು ಬೇಕೆಂದಾಗ ತೋರಿಸುವ ಪೆಟ್ಟಿಗೆ ಅದು. ಜನ ಅದಕ್ಕೆ ಡಬ್ಬಿ ಎನ್ನುತ್ತಿದ್ದರು. ಡಬ್ಬಿಗೂ ಒಂದು ರಾಜಗುಣವಿತ್ತು: ಏಳು ದಿನ ಕಳೆದರೆ ಕೇಳಿದ್ದನ್ನೆಲ್ಲ ಅಳಿಸಿಬಿಡುತ್ತಿತ್ತು.

ಅರಮನೆಯ ಬೆನ್ನಿಗಿದ್ದ ಹಿತ್ತಲಕೇರಿಯಲ್ಲಿ ತಿಪ್ಪೇಶಿ ಎಂಬ ರಿಪೇರಿಯವನಿದ್ದ. ಅವನಿಗೆ ಈ ಮರೆವು ಹಿಡಿಸಲಿಲ್ಲ. ಡಬ್ಬಿಯೊಳಗಿದ್ದ ಸರ್ಕಾರಿ ಸಾಫ್ಟ್‌ವೇರನ್ನು ತೆಗೆದುಹಾಕಿ ತಾನೇ ಬರೆದದ್ದನ್ನು ಕೂರಿಸಿದ. ಅಲ್ಲಿಂದಾಚೆಗೆ ಅವನ ಡಬ್ಬಿ ಏನನ್ನೂ ಮರೆಯಲಿಲ್ಲ. ‘ಹಿಂದಕ್ಕೆ’ ಗುಂಡಿ ಒತ್ತುತ್ತ ಹೋದರೆ ಐದು ವರ್ಷದ ಕೆಳಗಿನ ಪಟ್ಟಾಭಿಷೇಕವೂ ಸಿಗುತ್ತಿತ್ತು. ಆ ದಿನ ಪುನರುಕ್ತಿವರ್ಮ ಕಿರೀಟ ಸರಿಪಡಿಸಿಕೊಂಡು ನುಡಿದಿದ್ದ: “ಹಿತ್ತಲಕೇರಿಯ ನಲವತ್ತು ಮನೆಗಳು ಅಲ್ಲಿನವರಿಗೇ ಶಾಶ್ವತ. ಒಂದು ಹೆಂಚನ್ನೂ ಯಾರೂ ಮುಟ್ಟುವಂತಿಲ್ಲ.”

ಈಗ ಅರಮನೆಗೆ ಆನೆ ಲಾಯ ಬೇಕಾಗಿತ್ತು. ಆನೆ ಇರಲಿಲ್ಲ. ಲಾಯ ಕಟ್ಟಿದರೆ ಆನೆ ತಾನಾಗಿ ಬರುತ್ತದೆಂದು ತಜ್ಞರ ಸಮಿತಿ ವರದಿ ಕೊಟ್ಟಿತ್ತು, ಜಾಗವೆಂದು ಹಿತ್ತಲಕೇರಿಯನ್ನು ತೋರಿಸಿತ್ತು. ಕೇರಿಯವರು ದರ್ಬಾರಿಗೆ ಹೋಗಿ ಪಟ್ಟಾಭಿಷೇಕದ ಮಾತು ಎತ್ತಿದರು. ಮಹಾರಾಜ ಉದಾರವಾಗಿ ಹೇಳಿದ: “ನಾವು ಹಾಗೆ ನುಡಿದಿದ್ದರೆ ತೋರಿಸಿ, ನುಡಿದಂತೆ ನಡೆಯುತ್ತೇವೆ. ಶುಕ್ರವಾರ ವಿಚಾರಣೆ.”

ಇಡೀ ರಾಜ್ಯದಲ್ಲಿ ಆ ಮಾತು ಉಳಿದಿದ್ದದ್ದು ತಿಪ್ಪೇಶಿಯ ಡಬ್ಬಿಯಲ್ಲಿ ಮಾತ್ರ. ಕೇರಿ ನಿಶ್ಚಿಂತೆಯಿಂದ ಉಂಡು ಮಲಗಿತು. ಬುಧವಾರ ಬೆಳಗ್ಗೆ ಡಬ್ಬಿಗೆ ಅಪ್‌ಡೇಟ್ ಬಂತು.

ಯಾರೂ ಕರೆದಿರಲಿಲ್ಲ. ತಾನಾಗಿ ಬಂದು, ತಿಪ್ಪೇಶಿ ಬರೆದದ್ದರ ಮೇಲೆ ಕೂತು, “ಅಭಿನಂದನೆಗಳು! ನೀವು ಉತ್ತಮಗೊಂಡಿದ್ದೀರಿ” ಎಂದು ಪರದೆಯ ಮೇಲೆ ತೋರಿಸಿತು. ತಿಪ್ಪೇಶಿ ರಿಮೋಟ್ ಒತ್ತಿದ. ಪಟ್ಟಾಭಿಷೇಕ ಇನ್ನೂ ಅಳಿಸಿಹೋಗದೆ ಪಟ್ಟಿಯಲ್ಲೇನೋ ಇತ್ತು. ಆದರೆ ಅಲ್ಲಿಗೆ ಹೋಗೋಣವೆಂದರೆ ಪರದೆಯ ಎಡಕ್ಕೂ ‘ಮುಂದಕ್ಕೆ’, ಬಲಕ್ಕೂ ‘ಮುಂದಕ್ಕೆ’.

“ಏನಾತ್ರೀ?” ಎಂದು ಹೆಂಡತಿ ದುರುಗಮ್ಮ ಒಲೆಯ ಮುಂದಿನಿಂದ ಕೇಳಿದಳು.

“ಹಿಂದಕ್ಕೆ ಹೋಗಾಕೇ ಬಿಡವಲ್ದು ಕಣೇ.”

“ಒಂದೇಟು ಹಾಕ್ರಿ. ನಮ್ಮಪ್ಪನ ರೇಡಿಯೋ ಹಂಗೇ ಸರಿಹೋಗ್ತಿತ್ತು.”

ಹಾಕಿದ. ವೈರು ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಿದ. ತಳದ ಸಣ್ಣ ತೂತಿಗೆ ದುರುಗಮ್ಮನ ಪಿನ್ನು ತೂರಿಸಿ ಹೆಬ್ಬೆರಳು ಮರಗಟ್ಟುವ ತನಕ ಒತ್ತಿದ. ತನ್ನ ಸಾಫ್ಟ್‌ವೇರಿದ್ದ ಪೆನ್‌ಡ್ರೈವ್ ಸಿಕ್ಕಿಸಿದರೆ “ಹಳೆಯದಕ್ಕೆ ಮರಳುವುದು ಪ್ರಗತಿವಿರೋಧಿ” ಎಂದು ಡಬ್ಬಿಯೇ ಬುದ್ಧಿ ಹೇಳಿತು. ಕೊನೆಗೆ ಸಹಾಯವಾಣಿಗೆ ಫೋನ್ ಮಾಡಿದ.

“ಯಾವ ಗುಂಡಿ ಅಂದ್ರಿ?” ಎಂದಿತು ಆ ಕಡೆಯ ದನಿ. “ಆ ಹೆಸರಿನ ದೂರು ನಮ್ಮ ಪಟ್ಟಿಯಲ್ಲಿಲ್ಲ. ‘ಮುಂದಕ್ಕೆ’ ಕೆಟ್ಟಿದ್ದರೆ ಒಂದನ್ನು ಒತ್ತಿ. ಕೆಟ್ಟಿಲ್ಲದಿದ್ದರೆ ಸಂತೋಷಪಡಿ.”

ಗುಂಡಿ ಕೆಟ್ಟದ್ದು ಬರೀ ಹಿತ್ತಲಕೇರಿಯಲ್ಲಲ್ಲ. ಅಪ್‌ಡೇಟ್ ಬರೆದವನು ಅದನ್ನು ಸೇರಿಸಲು ಮರೆತಿದ್ದ, ಅಷ್ಟೆ. ಅಂತಃಪುರದ ಧಾರಾವಾಹಿಯೂ ತಪ್ಪಿಹೋಗಿ ಮಹಾರಾಣಿ ಊಟ ಬಿಟ್ಟಿದ್ದಳು. ಮಹಾರಾಜ ಮಹಾಮಂತ್ರಿ ತಥಾಸ್ತುರಾಯನನ್ನು ಕರೆಸಿ ಕೇಳಿದ: “ಏನಿದು ಪ್ರಮಾದ?”

“ಪ್ರಮಾದವಲ್ಲ ಪ್ರಭೂ, ಪ್ರಸಾದ,” ಎಂದ ತಥಾಸ್ತುರಾಯ ಕಣ್ಣೂ ಮಿಟುಕಿಸದೆ. “ತಮ್ಮ ಆಳ್ವಿಕೆಯಲ್ಲಿ ರಾಜ್ಯ ಎಷ್ಟು ಮುಂದುವರಿದಿದೆಯೆಂದರೆ, ಯಂತ್ರಗಳೂ ಹಿಂದಕ್ಕೆ ಹೋಗಲು ಒಲ್ಲೆವೆನ್ನುತ್ತಿವೆ.”

ಮಹಾರಾಜನಿಗೆ ಇದು ಬಲು ಹಿಡಿಸಿತು. ಗುರುವಾರ ಬೆಳಗ್ಗೆಯೇ ಸುಗ್ರೀವಾಜ್ಞೆ ಹೊರಬಿತ್ತು: ರಾಜ್ಯದಲ್ಲಿ ಇನ್ನು ‘ಹಿಂದೆ’ ಇಲ್ಲ. ಹಿಂಬಾಲಕರೆಲ್ಲ ಮುಂಬಾಲಕರಾದರು, ಮೆರವಣಿಗೆಯಲ್ಲಿ ಅವರೆಲ್ಲ ಹೋದ ಮೇಲೆ ಕೊನೆಗೆ ಮಹಾರಾಜ ಬರುತ್ತಿದ್ದ. ಮುಂದೆ ಗುರಿ, ಹಿಂದೆ ಗುರು ಎನ್ನುವ ಹಾಗಿರಲಿಲ್ಲವಾಗಿ ಗುರುಗಳನ್ನೂ ಮುಂದೆ ನಿಲ್ಲಿಸಿದರು, ಗುರಿ ಕಾಣದಾಯಿತು. ಅರಮನೆಯ ಹಿಂಬಾಗಿಲಿಗೆ ‘ಎರಡನೆಯ ಮುಂಬಾಗಿಲು’ ಎಂಬ ಫಲಕ ಬಿತ್ತು. ವ್ಯವಹಾರಗಳೆಲ್ಲ ಎಂದಿನಂತೆ ಅಲ್ಲೇ ನಡೆದವು.

ತಿಪ್ಪೇಶಿಗೆ ಇದ್ಯಾವುದೂ ಬೇಕಿರಲಿಲ್ಲ. ಅವನಿಗೆ ಬೇಕಾದದ್ದು ಅರ್ಧ ನಿಮಿಷದ ಒಂದು ಮಾತು. ನಲವತ್ತು ಮನೆಯವರೂ ಜಗುಲಿಯ ಮೇಲೆ ಕೂತು ಅವನ ಕೈಯನ್ನೇ ನೋಡುತ್ತಿದ್ದರು. ಕೇಬಲ್ ಕಿತ್ತು, ಡಬ್ಬಿಯ ಗಡಿಯಾರವನ್ನು ಮಂಗಳವಾರಕ್ಕೆ ತಿರುಗಿಸಿದರೆ ಬಂದ ಅಪ್‌ಡೇಟ್ ಇನ್ನೂ ಬಂದಿಲ್ಲವೆಂದು ಡಬ್ಬಿ ನಂಬಬಹುದು ಎಂದು ಅವನಿಗೆ ಹೊಳೆಯಿತು. ಆದರೆ ಗಡಿಯಾರವೂ ಮುಂದಕ್ಕೆ ಮಾತ್ರ ತಿರುಗುತ್ತಿತ್ತು.

“ಊರು ಸುತ್ತಿ ಬಂದ್ರೆ ಮನೀಗೇ ಬರ್ತೀವಲ್ಲ,” ಎಂದಳು ದುರುಗಮ್ಮ. “ಮುಂದಕ್ಕೇ ತಿರುಗಿಸ್ತಾ ಹೋಗ್ರಿ.”

ಗಡಿಯಾರದಲ್ಲಿ ಇಸವಿಗೆ ಇದ್ದದ್ದು ಎರಡೇ ಅಂಕಿ. ಆಗ ನಡೆಯುತ್ತಿದ್ದದ್ದು ನಲವತ್ತಾರು. ತಿಪ್ಪೇಶಿ ಐವತ್ತು ದಾಟಿಸಿದ, ಎಂಬತ್ತು ದಾಟಿಸಿದ, ತೊಂಬತ್ತೊಂಬತ್ತಕ್ಕೆ ತಂದು ಇನ್ನೊಂದು ಸಲ ಒತ್ತಿದ. ಸೊನ್ನೆ ಸೊನ್ನೆ! ಅಪ್‌ಡೇಟ್ ಹುಟ್ಟುವುದಕ್ಕೆ ಇನ್ನೂ ನಲವತ್ತಾರು ವರ್ಷ ಬಾಕಿಯಿದೆ ಎಂದುಕೊಂಡು ಡಬ್ಬಿ ತಿಪ್ಪೇಶಿಯ ಸಾಫ್ಟ್‌ವೇರನ್ನು ಎಬ್ಬಿಸಿತು. ‘ಹಿಂದಕ್ಕೆ’ ಗುಂಡಿ ಕಂಡಿತು. ಜಗುಲಿಯ ಮೇಲಿದ್ದವರು ಅತ್ತೇಬಿಟ್ಟರು.

ಶುಕ್ರವಾರ ತುಂಬಿದ ದರ್ಬಾರಿನಲ್ಲಿ ತಿಪ್ಪೇಶಿ ಗುಂಡಿ ಒತ್ತಿದ. ಪರದೆಯ ಮೇಲೆ ಪುನರುಕ್ತಿವರ್ಮ ಕಿರೀಟ ಸರಿಪಡಿಸಿಕೊಂಡು, ಒಂದು ಹೆಂಚನ್ನೂ ಮುಟ್ಟುವಂತಿಲ್ಲ ಎಂದ. ಸಿಂಹಾಸನದ ಮೇಲಿದ್ದ ಪುನರುಕ್ತಿವರ್ಮ ಬೆವರಿದ.

ತಥಾಸ್ತುರಾಯ ಕನ್ನಡಕ ಏರಿಸಿ ಪರದೆಯ ಹತ್ತಿರ ಹೋದ. “ಮೂಲೆಯಲ್ಲಿರುವ ಈ ಅಂಕಿಗಳೇನಪ್ಪಾ?”

“ಕೆಳಗಿರೋದು ಇವತ್ತಿನ ಇಸವಿ ಸ್ವಾಮಿ, ಸೊನ್ನೆ. ಮ್ಯಾಲಿರೋದು ಮಾರಾಜ್ರು ಮಾತಾಡಿದ ಇಸವಿ, ನಲವತ್ತೊಂದು.”

“ಪ್ರಭೂ!” ಮಹಾಮಂತ್ರಿಯ ಕಂಠ ಗದ್ಗದವಾಯಿತು. “ಇಂದು ಸೊನ್ನೆ, ಮಾತು ನಲವತ್ತೊಂದು. ಇದು ತಾವು ನಲವತ್ತೊಂದು ವರ್ಷಗಳ ತರುವಾಯ ದಯಪಾಲಿಸಲಿರುವ ವಾಗ್ದಾನ! ತಮಗೆ ಇನ್ನೊಮ್ಮೆ ಪಟ್ಟಾಭಿಷೇಕವಿದೆ!”

ಮಹಾರಾಜ ಪರದೆಯನ್ನು ದಿಟ್ಟಿಸಿದ. “ಆಗಲೂ ನಾವು ಇಷ್ಟು ಎಳೆಯರಾಗಿರುತ್ತೇವೆಯೆ?”

“ಇನ್ನೂ ಎಳೆಯರು ಪ್ರಭೂ. ಗಡ್ಡ ಕಪ್ಪಗಿದೆ.”

“ಅಲ್ಲ ಸ್ವಾಮಿ!” ತಿಪ್ಪೇಶಿ ಕೂಗಿಕೊಂಡ. “ಗಡಿಯಾರ ನಾನೇ ತಿರುಗಿಸಿದ್ದು, ಬೇಕಾದ್ರೆ ಈಗ್ಲೇ ಸರಿಮಾಡ್ತೀನಿ...”

“ದರ್ಬಾರಿನಲ್ಲೇ ಸಾಕ್ಷ್ಯ ತಿದ್ದುತ್ತಾನಂತೆ,” ಎಂದು ತಥಾಸ್ತುರಾಯ ಬರೆಸಿಕೊಂಡ. “ಬಾಯಿಮಾತಿನಲ್ಲಿ ಹೇಳು. ಅದು ನಲವತ್ತೊಂದು ವರ್ಷ ಮುಂದಿನದಲ್ಲವಾದರೆ, ಮತ್ತೆ ಯಾವಾಗಿನದು?”

“ಐದು ವರ್ಷ ಹಿಂ...”

ಪಹರೆಯವರ ಈಟಿಗಳು ಒಮ್ಮೆಲೇ ಇವನತ್ತ ಬಾಗಿದವು. ತಿಪ್ಪೇಶಿ ಬಾಯಿ ಮುಚ್ಚಿದ. ತೀರ್ಪು ಕೂಡಲೇ ಹೊರಬಿತ್ತು: ಮಹಾರಾಜರು ವಚನಭ್ರಷ್ಟರಲ್ಲ, ವಚನ ಇನ್ನೂ ಹುಟ್ಟಿಲ್ಲ. ವಿಚಾರಣೆಯನ್ನು ನಲವತ್ತೊಂದು ವರ್ಷ ಮುಂದೂಡಲಾಗಿದೆ. “ಮುಂದೂಡಿಕೆಯೇ ಮುನ್ನಡೆ!” ಎಂದು ಸಭೆ ಜಯಕಾರ ಹಾಕಿತು. ಅಷ್ಟು ದೂರದ ಪಟ್ಟಾಭಿಷೇಕಕ್ಕೆ ಕಾಯುವುದು ಬೇಡವೆಂದು ಅಲ್ಲೇ ಒಂದು ಮುಂಗಡ ಕಿರೀಟವನ್ನೂ ತೊಡಿಸಿದರು. ಈಗ ಮಹಾರಾಜನ ತಲೆಯ ಮೇಲೆ ಎರಡಿದ್ದವು. ತಿಪ್ಪೇಶಿಗೆ ‘ಭವಿಷ್ಯದರ್ಶಕ’ ಎಂಬ ಬಿರುದು ಕೊಟ್ಟು ಡಬ್ಬಿಯನ್ನು ಅರಮನೆಯಲ್ಲೇ ಇಟ್ಟುಕೊಂಡರು. ಇಟ್ಟವರು ಕೇಬಲ್ ಸಿಕ್ಕಿಸಿದರು. ಅಪ್‌ಡೇಟ್ ಬಂತು.

ಶನಿವಾರ ಹಿತ್ತಲಕೇರಿ ಬಿತ್ತು. ಅದೇ ಹೆಂಚು ಆನೆ ಲಾಯದ ಮೇಲೇರಿತು. ಆನೆ ಇನ್ನೂ ಬಂದಿಲ್ಲ, ಅದನ್ನೂ ಮುಂದೂಡಲಾಗಿದೆ. ನಲವತ್ತು ಮನೆಯವರು ಲಾಯದ ಗೋಡೆಗೆ ಟಾರ್ಪಾಲು ಕಟ್ಟಿಕೊಂಡಿದ್ದಾರೆ. ಅವರ ಪಡಿತರ ಚೀಟಿಗಳಲ್ಲಿ ವಿಳಾಸದ ಜಾಗಕ್ಕೆ ಕಚೇರಿಯವರು ಒಂದೇ ಮೊಹರು ಒತ್ತಿ ಕೊಟ್ಟಿದ್ದಾರೆ.

ಮೊನ್ನೆ ದುರುಗಮ್ಮ ಪಕ್ಕದವಳಿಗೆ ಲಾಯದತ್ತ ಕೈತೋರಿಸಿ, “ನಮ್ಮ ಒಲಿ ಇದ್ದದ್ದು ಅಗೋ, ಆ ಗ್ವಾಡೆ ಹಿಂದೆ” ಎಂದಳು. ಪಹರೆಯವನು ಕೇಳಿಸಿಕೊಂಡು ಪುಸ್ತಕ ತೆಗೆದ. ಹೆಸರು ಬರೆದುಕೊಂಡ.

“ವಿಳಾಸ?”

ದುರುಗಮ್ಮ ಚೀಟಿ ನೋಡಿ ಓದಿದಳು: “ಮುಂದಿನ ಆದೇಶದವರೆಗೆ.”